ಇಲಿಯ ಡೋಸ್, ಮನುಷ್ಯನ ಡೋಸ್: ಉರಿಯೂತದ ಔಷಧಗಳನ್ನು ಹೋಲಿಸುವ ಕ್ರಮ

ಹೋದ ದೀಪಾವಳಿಗೆ ಊರಿಗೆ ಹೋಗಿದ್ದಾಗ ದೊಡ್ಡಪ್ಪ ಫೋನ್ ಮುಂದೆ ಹಿಡಿದರು. "ನೋಡಮ್ಮ, ಅರಿಸಿಣ ಡೈಕ್ಲೋಫೆನಾಕ್ ಮಾತ್ರೆಯಷ್ಟೇ ಊತ ಇಳಿಸುತ್ತಂತೆ. ಒಂದು ಕೆ.ಜಿ. ತೂಕಕ್ಕೆ 200 ಮಿಲಿಗ್ರಾಂ ಅಂತ ಬರೆದಿದ್ದಾರೆ. ನಾನು ಅರವತ್ತು ಕೆ.ಜಿ. ಇದ್ದೀನಿ. ಅಲ್ಲಿಗೆ ಹನ್ನೆರಡು ಗ್ರಾಂ ಆಯ್ತು. ಹಾಲಿಗೆ ಕಲಸ್ಕೊಂಡು ಕುಡಿದುಬಿಡಲಾ?"

ಗುಣಾಕಾರದಲ್ಲಿ ಒಂದಿಷ್ಟೂ ತಪ್ಪಿರಲಿಲ್ಲ. ಮೂವತ್ತೈದು ವರ್ಷ ಮೇಷ್ಟ್ರಾಗಿದ್ದವರು. ಆದರೆ ಆ ಕೆ.ಜಿ. ಇಲಿಯದು, ಆ 200 ಮಿಲಿಗ್ರಾಂ ಅರಿಸಿಣದ್ದಲ್ಲ, ಅರಿಸಿಣದೊಳಗಿನ ಹಳದಿ ಸತ್ವವಾದ ಕರ್ಕ್ಯುಮಿನ್‌ನದ್ದು. ಸಂದೇಶ ಬರೆದವರು ಎರಡನ್ನೂ ನುಂಗಿಬಿಟ್ಟಿದ್ದರು.

ನಾನು ಫಾರ್ಮಕಾಲಜಿ, ಅಂದರೆ ಔಷಧಶಾಸ್ತ್ರ ಪಾಠ ಮಾಡುವವಳು. ಎಂ.ಫಾರ್ಮ್ ವಿದ್ಯಾರ್ಥಿಗಳೂ ಇದೇ ಎಡವಟ್ಟನ್ನು ಇನ್ನೊಂದು ಬಗೆಯಲ್ಲಿ ಮಾಡುತ್ತಾರೆ. ಇಲಿಯ ಪ್ರಬಂಧವನ್ನೂ ಮನುಷ್ಯರ ಪ್ರಬಂಧವನ್ನೂ ಅಕ್ಕಪಕ್ಕ ಇಟ್ಟುಕೊಂಡು, ಮಿಲಿಗ್ರಾಂ ಎದುರು ಮಿಲಿಗ್ರಾಂ ಬರೆದು, 'ಇಲಿಗೆ ಹೆಚ್ಚು ಬೇಕು, ಮನುಷ್ಯನಿಗೆ ಕಡಿಮೆ ಸಾಕು' ಎಂದು ತೀರ್ಮಾನ ಬರೆದುಬಿಡುತ್ತಾರೆ. ಹೋಲಿಸಬೇಕಾದದ್ದು ಬಾಯಿಗೆ ಹಾಕಿದ್ದನ್ನಲ್ಲ; ರಕ್ತಕ್ಕೆ ಎಷ್ಟು ಸೇರಿತು, ಸೇರಿದ್ದು ಊತದ ಮೇಲೆ ಏನು ಮಾಡಿತು ಎಂಬುದನ್ನು. ಅದನ್ನು ಹೇಗೆ ಮಾಡುವುದು ಎಂದು ಇಲ್ಲಿ ಒಂದೊಂದೇ ಹೆಜ್ಜೆಯಾಗಿ ಬರೆಯುತ್ತೇನೆ. ಒಂದು ಕಾಗದ, ಒಂದು ಕ್ಯಾಲ್ಕುಲೇಟರ್ ಸಾಕು.

ಹೆಜ್ಜೆ 1: ಅದು ಯಾವ ಇಲಿ?

ಕನ್ನಡ ಓದುಗರಿಗೆಂದೇ ಇರುವ ತೊಡಕು ಇದು. ರ‍್ಯಾಟ್ ಆದರೂ ಇಲಿ, ಮೌಸ್ ಆದರೂ ಇಲಿ. ಪತ್ರಿಕೆಗಳಲ್ಲಿ 'ಇಲಿಗಳ ಮೇಲೆ ಯಶಸ್ವಿ ಪ್ರಯೋಗ' ಎಂದಷ್ಟೇ ಬರುತ್ತದೆ. ಪ್ರಯೋಗಾಲಯದ ರ‍್ಯಾಟ್ ಸಾಮಾನ್ಯವಾಗಿ 150ರಿಂದ 250 ಗ್ರಾಂ ತೂಗುತ್ತದೆ. ಮೌಸ್ ಅಂದರೆ 20 ಗ್ರಾಂ ಸುಮಾರಿನ ಚಿಟ್ಟಿಲಿ. ಡೋಸ್ ಪರಿವರ್ತನೆಯಲ್ಲಿ ಇವೆರಡರ ನಡುವೆ ಸರಿಯಾಗಿ ಎರಡು ಪಟ್ಟು ವ್ಯತ್ಯಾಸವಿದೆ. ಹಾಗಾಗಿ ಸುದ್ದಿಯನ್ನು ಬಿಟ್ಟು ಮೂಲ ಪ್ರಬಂಧದ ವಿಧಾನದ ಭಾಗಕ್ಕೇ ಹೋಗಿ. ವಿಸ್ಟಾರ್, ಸ್ಪ್ರಾಗ್ ಡಾಲಿ, ಲೂಯಿಸ್ ಎಂದಿದ್ದರೆ ರ‍್ಯಾಟ್. ಸ್ವಿಸ್ ಆಲ್ಬಿನೋ, ಬಾಲ್ಬ್-ಸಿ ಎಂದಿದ್ದರೆ ಮೌಸ್. ಈ ಬರಹದಲ್ಲಿ ಇಲಿ ಎಂದರೆ ರ‍್ಯಾಟ್.

ಅಲ್ಲೇ ಇನ್ನೂ ಮೂರು ವಿಷಯ ಗುರುತು ಹಾಕಿಕೊಳ್ಳಿ: ಇಲಿಯ ತೂಕ, ಗಂಡೋ ಹೆಣ್ಣೋ, ಔಷಧ ಬಾಯಿಂದ ಕೊಟ್ಟರೋ ಹೊಟ್ಟೆಯ ಪೊರೆಯೊಳಕ್ಕೆ ಚುಚ್ಚಿದರೋ. ಚುಚ್ಚಿದ ಡೋಸನ್ನು ನುಂಗುವ ಮಾತ್ರೆಯ ಜೊತೆ ಹೋಲಿಸುವುದು ಹೊಲಕ್ಕೆ ಹನಿ ನೀರಾವರಿ ಮಾಡಿದವನ ಲೆಕ್ಕವನ್ನು ಕಾಲುವೆ ನೀರಿನವನ ಲೆಕ್ಕದ ಜೊತೆ ಇಟ್ಟ ಹಾಗೆ.

ಹೆಜ್ಜೆ 2: ಊತ ಹೇಗೆ ಬಂತು?

ಉರಿಯೂತದ ಔಷಧಗಳ ಇಲಿ ಪ್ರಯೋಗಗಳಲ್ಲಿ ಅತಿ ಹೆಚ್ಚು ಕಾಣಸಿಗುವುದು ಕ್ಯಾರಗೀನನ್ ಪಾದದೂತದ ಮಾದರಿ. 1962ರಲ್ಲಿ ವಿಂಟರ್ ಮತ್ತು ಸಂಗಡಿಗರು ಇದನ್ನು ಪ್ರಕಟಿಸಿದರು. ಇಂಡೊಮೆಥಾಸಿನ್ ಎಂಬ ಉರಿಯೂತದ ಔಷಧ ಹೊರಬರಲು ದಾರಿ ಮಾಡಿದ್ದೂ ಇದೇ ಮಾದರಿ. ಕ್ಯಾರಗೀನನ್ ಅಂದರೆ ಕೆಂಪು ಕಡಲಪಾಚಿಯಿಂದ ತೆಗೆಯುವ ಅಂಟು. ಐಸ್‌ಕ್ರೀಮಿಗೆ ಗಟ್ಟಿತನ ಕೊಡಲೂ ಅದನ್ನೇ ಹಾಕುತ್ತಾರೆ.

ಲ್ಯಾಬಿನಲ್ಲಿ ನಡೆಯುವುದು ಹೀಗೆ. ಇಲಿಯ ಹಿಂಗಾಲಿನ ಗಿಣ್ಣಿನ ಮೇಲೆ ಮಾರ್ಕರ್ ಪೆನ್ನಿನಿಂದ ಒಂದು ಗೆರೆ ಎಳೆಯುತ್ತೇವೆ. ಟವೆಲ್ಲಿನಲ್ಲಿ ಸುತ್ತಿ ಹಿಡಿದು, ಪ್ಲೆಥಿಸ್ಮೋಮೀಟರ್ ಎಂಬ ಉಪಕರಣದ ನೀರಿನ ಕೊಳವೆಗೆ ಪಾದವನ್ನು ಆ ಗೆರೆಯವರೆಗೆ ಇಳಿಸುತ್ತೇವೆ. ಮೇಲೇರಿದ ನೀರೇ ಪಾದದ ಗಾತ್ರ. ಅಂಗಾಲಿಗೆ ಶೇ 1ರ ಕ್ಯಾರಗೀನನ್ ದ್ರಾವಣ 0.1 ಮಿ.ಲೀ. ಚುಚ್ಚಿ, ಗಂಟೆಗೊಮ್ಮೆ ಮತ್ತೆ ಅಳೆಯುತ್ತೇವೆ. ಊತ ಮೂರರಿಂದ ಐದನೆಯ ಗಂಟೆಯ ಹೊತ್ತಿಗೆ ತುದಿ ಮುಟ್ಟುತ್ತದೆ.

ಓದುವಾಗ ಹಗುರವಾಗಿ ಕಾಣುವ ಆ ಗೆರೆ ಎಷ್ಟು ಮುಖ್ಯ ಎಂದು ನನಗೆ ತಿಳಿದದ್ದು ಪೆಟ್ಟು ತಿಂದ ಮೇಲೆ. ಸ್ನಾತಕೋತ್ತರದ ದಿನಗಳಲ್ಲಿ ಅರ್ಧ ಇಲಿಗಳಿಗೆ ನಾನು, ಉಳಿದರ್ಧಕ್ಕೆ ಗೆಳತಿ ಗೆರೆ ಹಾಕಿದೆವು. ನನ್ನ ಗೆರೆ ಮೂಳೆಯ ಮೇಲ್ಗಡೆ, ಅವಳದು ಕೆಳಗಡೆ. ಫಲಿತಾಂಶದಲ್ಲಿ ಔಷಧ ಬೊಂಬಾಟಾಗಿ ಕೆಲಸ ಮಾಡಿದಂತೆ ಕಂಡಿತು. ಮೂರು ವಾರದ ನಂತರ ನೋಡಿದರೆ ಊತ ಇಳಿಸಿದ್ದು ಔಷಧವಲ್ಲ, ಮಾರ್ಕರ್ ಪೆನ್ನು. ಅಷ್ಟೂ ಇಲಿಗಳ ಲೆಕ್ಕ ತಿಪ್ಪೆಗೆ ಹೋಯಿತು. ಈಗ ಪ್ರಬಂಧ ಓದುವಾಗ 'ಅಳತೆ ಮಾಡಿದವರಿಗೆ ಯಾವ ಗುಂಪು ಎಂದು ತಿಳಿದಿರಲಿಲ್ಲ' ಎಂಬ ಸಾಲು ಇದೆಯೇ ಎಂದು ಮೊದಲು ಹುಡುಕುತ್ತೇನೆ.

ಲೆಕ್ಕ ಸುಲಭ. ಔಷಧ ಕೊಡದ ಗುಂಪಿನಲ್ಲಿ ಪಾದ 0.80 ಮಿ.ಲೀ. ಊದಿತು, ಕೊಟ್ಟ ಗುಂಪಿನಲ್ಲಿ 0.44 ಮಿ.ಲೀ. ಊದಿತು ಎಂದಿಟ್ಟುಕೊಳ್ಳಿ. 0.80ರಿಂದ 0.44 ಕಳೆದರೆ 0.36; ಅದನ್ನು 0.80ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಶೇ 45. ಇದೇ ಶೇಕಡಾ ತಡೆ.

ಆದರೆ ಯಾವ ಗಂಟೆಯ ತಡೆ? ಕ್ಯಾರಗೀನನ್ ಊತಕ್ಕೆ ಹಂತಗಳಿವೆ, ಒಂದೊಂದರಲ್ಲೂ ದೇಹವೇ ಹೊರಬಿಡುವ ಬೇರೆ ಬೇರೆ ರಾಸಾಯನಿಕಗಳು ಊತ ತರುತ್ತವೆ. ಮೊದಲ ಗಂಟೆ ಹಿಸ್ಟಮಿನ್, ಸೆರಟೋನಿನ್‌ಗಳ ಆಟ. ನಂತರ ಬ್ರಾಡಿಕೈನಿನ್. ಎರಡೂವರೆ ಗಂಟೆಯ ಮೇಲೆ ಪ್ರೊಸ್ಟಾಗ್ಲಾಂಡಿನ್‌ಗಳ ದರ್ಬಾರು. ಆಸ್ಪಿರಿನ್ ಜಾತಿಯ ಔಷಧಗಳು ಪ್ರೊಸ್ಟಾಗ್ಲಾಂಡಿನ್ ತಯಾರಿಕೆಯನ್ನೇ ತಡೆಯುತ್ತವೆ ಎಂದು ಜಾನ್ ವೇನ್ 1971ರಲ್ಲಿ ತೋರಿಸಿದರು. 1982ರಲ್ಲಿ ನೊಬೆಲ್ ಹಂಚಿಕೊಂಡರು. ಹಾಗಾಗಿ ಡೈಕ್ಲೋಫೆನಾಕ್, ಐಬುಪ್ರೊಫೇನ್‌ಗಳ ನಿಜವಾದ ಪರೀಕ್ಷೆ ಮೂರನೆಯ ಗಂಟೆಯ ಮೇಲೆ. ಒಂದನೆಯ ಗಂಟೆಯ ಅಂಕಿಯನ್ನೇ ಎತ್ತಿ ಹಿಡಿದ ಪ್ರಬಂಧವಾದರೆ ಸ್ವಲ್ಪ ಹುಷಾರಾಗಿರಿ.

ಇನ್ನೊಂದು ಗುಟ್ಟು. ಈ ಮಾದರಿಯಲ್ಲಿ ಔಷಧವನ್ನು ಸಾಮಾನ್ಯವಾಗಿ ಕ್ಯಾರಗೀನನ್ ಚುಚ್ಚುವ ಅರ್ಧ ಗಂಟೆ, ಒಂದು ಗಂಟೆ ಮೊದಲೇ ಕೊಟ್ಟಿರುತ್ತಾರೆ. ಮನುಷ್ಯ ಮಾತ್ರೆ ನುಂಗುವುದು ಮಂಡಿ ಊದಿದ ಮೇಲೆ. ಬರುವ ಊತವನ್ನು ತಡೆಯುವುದೂ ಬಂದ ಊತವನ್ನು ಇಳಿಸುವುದೂ ಒಂದೇ ಅಲ್ಲ. ಸಂಧಿವಾತದಂಥ ದೀರ್ಘ ಕಾಯಿಲೆಗೆ ಹೋಲಿಸಬೇಕಾದರೆ ಕ್ಯಾರಗೀನನ್ ಸಾಲದು. ಫ್ರಾಯಿಂಡ್‌ನ ಅಡ್ಜುವಂಟ್ (ರೋಗನಿರೋಧಕ ವ್ಯವಸ್ಥೆಯನ್ನು ಕೆರಳಿಸುವ ಮಿಶ್ರಣ) ಅಥವಾ ಕೊಲಾಜೆನ್ ಎಂಬ ಪ್ರೋಟೀನ್ ಚುಚ್ಚಿ ಕೀಲೂತ ತಂದ ಪ್ರಯೋಗ ಹುಡುಕಿ. ಅದರಲ್ಲೂ ಕೀಲು ಊದಿದ ನಂತರ ಔಷಧ ಶುರುಮಾಡಿದ್ದಾದರೆ ಇನ್ನೂ ಒಳ್ಳೆಯದು.

ಹೆಜ್ಜೆ 3: ಡೋಸ್ ಪರಿವರ್ತನೆ

ಕೆ.ಜಿ.ಗೆ ಇಷ್ಟು ಎಂಬುದನ್ನು ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ನೇರ ಹಿಗ್ಗಿಸಬಾರದು. 1962ರ ಆಗಸ್ಟ್‌ನಲ್ಲಿ ಅಮೆರಿಕದ ಓಕ್ಲಹೋಮ ಸಿಟಿಯ ಮೃಗಾಲಯದಲ್ಲಿ ಟಸ್ಕೋ ಎಂಬ ಆನೆಗೆ ತೂಕದ ಲೆಕ್ಕದಲ್ಲೇ 297 ಮಿ.ಗ್ರಾಂ ಎಲ್‌ಎಸ್‌ಡಿ ಎಂಬ ಭ್ರಮೆ ತರಿಸುವ ಮದ್ದು ಚುಚ್ಚಿದರು. ಆನೆ ಕೆಲವೇ ನಿಮಿಷಗಳಲ್ಲಿ ಕುಸಿದು ಬಿತ್ತು, ಅಂದೇ ಸತ್ತಿತು. ಬದುಕಿಸಲೆಂದು ಆಮೇಲೆ ಕೊಟ್ಟ ಔಷಧಗಳ ಪಾಲೂ ಅದರಲ್ಲಿ ಇದ್ದಿರಬಹುದು. ಅದೇನೇ ಇರಲಿ, ಡೋಸ್ ಪಾಠದಲ್ಲಿ ಟಸ್ಕೋ ಹೆಸರು ಇವತ್ತಿಗೂ ಬರುತ್ತದೆ.

ಕಾರಣ ಇಷ್ಟು: ಪ್ರಾಣಿ ಚಿಕ್ಕದಾದಷ್ಟೂ ಅದರ ಒಂದೊಂದು ಗ್ರಾಂ ಮೈಯೂ ಹೆಚ್ಚು ವೇಗದಲ್ಲಿ ಉರಿಯುತ್ತದೆ. ದೇಹದ ಶಕ್ತಿಬಳಕೆ ತೂಕದ ಜೊತೆ ಸಮನಾಗಿ ಏರುವುದಿಲ್ಲ, ಸುಮಾರು ಮುಕ್ಕಾಲು ಘಾತದಲ್ಲಿ ಏರುತ್ತದೆ ಎಂದು ಮ್ಯಾಕ್ಸ್ ಕ್ಲೈಬರ್ 1932ರಲ್ಲೇ ತೋರಿಸಿದ್ದರು. ಇಲಿ ಔಷಧವನ್ನೂ ಹಾಗೇ ಬೇಗ ಅರೆದು ಹೊರಹಾಕುತ್ತದೆ. ಅದಕ್ಕೇ ಅದಕ್ಕೆ ಕೆ.ಜಿ.ಗೆ ಹೆಚ್ಚು ಬೇಕು.

ಇದನ್ನು ಸರಿದೂಗಿಸಲು ಎಲ್ಲರೂ ಬಳಸುವುದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಕೋಷ್ಟಕ. ದೇಹದ ತೂಕವನ್ನು ಮೈಯ ಹೊರಮೈ ವಿಸ್ತೀರ್ಣದಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಕೆಎಂ ಎನ್ನುತ್ತಾರೆ. 60 ಕೆ.ಜಿ. ವಯಸ್ಕನಿಗೆ 37, ಇಲಿಗೆ 6, ಚಿಟ್ಟಿಲಿಗೆ 3, ಮೊಲಕ್ಕೆ 12, ನಾಯಿಗೆ 20.

ಮನುಷ್ಯನಿಗೆ ಸಮಾನ ಡೋಸ್ = ಪ್ರಾಣಿಯ ಡೋಸ್ × ಪ್ರಾಣಿಯ ಕೆಎಂ ÷ ಮನುಷ್ಯನ ಕೆಎಂ

ಇಲಿಯಾದರೆ 6 ÷ 37, ಅಂದರೆ 6.2ರಿಂದ ಭಾಗಿಸಿದರೆ ಆಯಿತು. ಚಿಟ್ಟಿಲಿಯಾದರೆ 12.3ರಿಂದ. ದೊಡ್ಡಪ್ಪನ 200 ಮಿ.ಗ್ರಾಂ ÷ 6.2 ಎಂದರೆ ಕೆ.ಜಿ.ಗೆ ಸುಮಾರು 32 ಮಿ.ಗ್ರಾಂ. ಅರವತ್ತು ಕೆ.ಜಿ.ಗೆ 1,935 ಮಿ.ಗ್ರಾಂ. ಹನ್ನೆರಡು ಗ್ರಾಂ ಎರಡು ಗ್ರಾಂಗೆ ಇಳಿಯಿತು.

ಇಲಿಗೆ 6 ಎಂಬುದು 150 ಗ್ರಾಂ ಇಲಿಯ ಲೆಕ್ಕ. ನಿಮ್ಮ ಇಲಿ 250 ಗ್ರಾಂ ಇದ್ದರೆ ಏನು ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಇಲಿಯ ತೂಕವನ್ನು ಮನುಷ್ಯನ ತೂಕದಿಂದ ಭಾಗಿಸಿ 0.33 ಘಾತಕ್ಕೆ ಏರಿಸುವ ಸೂತ್ರವೂ ಅದೇ ಮಾರ್ಗಸೂಚಿಯಲ್ಲಿದೆ. 0.25 ÷ 60ಕ್ಕೆ ಹಾಗೆ ಮಾಡಿದರೆ 0.164 ಬರುತ್ತದೆ, 6 ÷ 37 ಅಂದರೂ 0.162. ಈ ವ್ಯತ್ಯಾಸಕ್ಕೆ ತಲೆಕೆಡಿಸಿಕೊಳ್ಳಬೇಡಿ, ಮುಂದಿನ ಹೆಜ್ಜೆಗಳಲ್ಲಿ ಹತ್ತು ಪಟ್ಟು, ಇಪ್ಪತ್ತು ಪಟ್ಟಿನ ವ್ಯತ್ಯಾಸಗಳು ಕಾದಿವೆ.

ಹೆಜ್ಜೆ 4: ಗೊತ್ತಿರುವ ಔಷಧದಿಂದ ತಕ್ಕಡಿಯನ್ನೇ ಪರೀಕ್ಷಿಸಿ

ಹೊಸ ಔಷಧಕ್ಕೆ ಸೂತ್ರ ಹಾಕುವ ಮೊದಲು ಹಳೆಯ ಔಷಧಗಳಿಗೆ ಹಾಕಿ ನೋಡಿ. ಇಲಿಯ ಡೋಸೂ ಮನುಷ್ಯನ ಡೋಸೂ ಎರಡೂ ಗೊತ್ತಿರುವಂಥವಕ್ಕೆ.

ಡೈಕ್ಲೋಫೆನಾಕ್: ಇಲಿಗಳಲ್ಲಿ ಹೋಲಿಕೆಗೆಂದು ಕೊಡುವ ರೂಢಿಯ ಡೋಸ್ ಕೆ.ಜಿ.ಗೆ 10 ಮಿ.ಗ್ರಾಂ. ಭಾಗಿಸಿದರೆ 1.6, ಅರವತ್ತು ಕೆ.ಜಿ.ಗೆ 97 ಮಿ.ಗ್ರಾಂ. ಮನುಷ್ಯರು ದಿನಕ್ಕೆ ತೆಗೆದುಕೊಳ್ಳುವುದು 100ರಿಂದ 150 ಮಿ.ಗ್ರಾಂ. ಇಂಡೊಮೆಥಾಸಿನ್ ಕೂಡ ಇಲಿಗೆ 10 ಮಿ.ಗ್ರಾಂ, ಅಲ್ಲಿಗೂ 97. ಮನುಷ್ಯರ ದಿನದ ಡೋಸ್ 75ರಿಂದ 150. ಆಸ್ಪಿರಿನ್ ಇಲಿಗೆ 300 ಮಿ.ಗ್ರಾಂ ಕೊಟ್ಟರೆ ಮನುಷ್ಯನಿಗೆ 2.9 ಗ್ರಾಂ ಬರುತ್ತದೆ. ಹಿಂದೆ ಸಂಧಿವಾತಕ್ಕೆ ಆಸ್ಪಿರಿನ್ ಕೊಡುತ್ತಿದ್ದ ಕಾಲದಲ್ಲಿ ದಿನಕ್ಕೆ ಮೂರು ಗ್ರಾಂ ದಾಟಿಯೇ ಕೊಡುತ್ತಿದ್ದರು.

ಮೊದಲ ಸಲ ಈ ಲೆಕ್ಕ ಮಾಡಿದಾಗ ನನಗೆ ರೋಮಾಂಚನವಾಗಿತ್ತು. ಇಷ್ಟು ಒರಟು ಸೂತ್ರ ಇಷ್ಟು ಹತ್ತಿರ ಬರುತ್ತದಲ್ಲ ಎಂದು. ಆದರೆ ಇಲ್ಲೊಂದು ಮೋಸ ಇದೆ: ಇಲಿಯ ಒಂದು ಸಲದ ಡೋಸನ್ನು ಮನುಷ್ಯನ ಇಡೀ ದಿನದ ಡೋಸಿನ ಜೊತೆ ಇಟ್ಟಿದ್ದೇವೆ. ಹೊಂದಿಕೆಯಾಯಿತು ಎಂದು ಸೂತ್ರದ ಮೇಲೆ ಪೂರ್ತಿ ಭಾರ ಹಾಕಬೇಡಿ.

ಎರಡನೆಯ ಮೋಸ ಇನ್ನೂ ಸೂಕ್ಷ್ಮ. 'ಇಲಿಯಲ್ಲಿ 200 ಮಿ.ಗ್ರಾಂ ಕರ್ಕ್ಯುಮಿನ್ 10 ಮಿ.ಗ್ರಾಂ ಡೈಕ್ಲೋಫೆನಾಕ್‌ಗೆ ಸಮ, ಅಂದರೆ 20 ಪಟ್ಟು. ಮನುಷ್ಯನಿಗೆ ಡೈಕ್ಲೋಫೆನಾಕ್ 100 ಆದರೆ ಕರ್ಕ್ಯುಮಿನ್ 2,000. ಸೂತ್ರದಿಂದಲೂ 1,935 ಬಂತು, ಹಾಗಾಗಿ ಎರಡು ದಾರಿಯಲ್ಲೂ ಸಾಬೀತಾಯಿತು' ಎಂದು ಒಬ್ಬ ವಿದ್ಯಾರ್ಥಿ ಬರೆದು ತಂದಿದ್ದ. ಅವು ಎರಡು ದಾರಿಯಲ್ಲ. ಎರಡರಲ್ಲೂ ಇರುವುದು ಅದೇ 6.2. ಒಂದೇ ಸಾಕ್ಷಿಯನ್ನು ಅಂಗಿ ಬದಲಾಯಿಸಿ ಎರಡು ಸಲ ಕಟಕಟೆಗೆ ಹತ್ತಿಸಿದ ಹಾಗಾಯಿತು.

ಹೆಜ್ಜೆ 5: ರಕ್ತಕ್ಕೆ ಎಷ್ಟು ಸೇರಿತು?

ಇಲ್ಲಿ ನಿಂತು ಉಸಿರು ಎಳೆದುಕೊಳ್ಳಿ, ಏಕೆಂದರೆ ಹೋಲಿಕೆಯ ತಿರುಳು ಇದೇ.

ಮೊದಲು ಅರ್ಧಾಯುಷ್ಯ ನೋಡಿ, ಅಂದರೆ ರಕ್ತದಲ್ಲಿನ ಔಷಧ ಅರ್ಧಕ್ಕೆ ಇಳಿಯಲು ಹಿಡಿಯುವ ಕಾಲ. ಫಿನೈಲ್‌ಬ್ಯುಟಜೋನ್ ಎಂಬ ಹಳೆಯ ಉರಿಯೂತದ ಔಷಧಕ್ಕೆ ಇಲಿಯಲ್ಲಿ ಅದು ಸುಮಾರು 6 ಗಂಟೆ, ಮನುಷ್ಯನಲ್ಲಿ ಸುಮಾರು ಮೂರು ದಿನ. ದಿನಾ ಒಂದು ಡೋಸ್ ಕೊಟ್ಟರೆ ಇಲಿ ಮರುದಿನಕ್ಕೆ ಬಹುಪಾಲು ತೊಳೆದುಕೊಂಡಿರುತ್ತದೆ. ಮನುಷ್ಯನಲ್ಲಿ ಅದು ಬಾಕಿ ಸಾಲದ ಹಾಗೆ ಬೆಳೆಯುತ್ತಾ ಹೋಗುತ್ತದೆ. 6.2ಕ್ಕೆ ಇದೊಂದೂ ಗೊತ್ತಿಲ್ಲ. ನ್ಯಾಪ್ರೊಕ್ಸೆನ್ ಇಷ್ಟು ವಿಪರೀತವಲ್ಲದಿದ್ದರೂ ಇಲಿಯಲ್ಲಿ ಸುಮಾರು 5 ಗಂಟೆ, ಮನುಷ್ಯನಲ್ಲಿ 12ರಿಂದ 17 ಗಂಟೆ.

ಈಗ ಅರಿಸಿಣಕ್ಕೆ ಬರೋಣ. ನಮ್ಮ ಪುಣ್ಯಕ್ಕೆ ಒಂದೇ ಪ್ರಯೋಗಾಲಯ ಇಲಿಗಳಲ್ಲೂ ಮನುಷ್ಯರಲ್ಲೂ ಕರ್ಕ್ಯುಮಿನ್ ಅಳೆದಿದೆ, ಅದೂ ಬೆಂಗಳೂರಿನಲ್ಲೇ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಫಾರ್ಮಕಾಲಜಿ ವಿಭಾಗದವರು 1998ರಲ್ಲಿ ಪ್ರಕಟಿಸಿದ ಅಧ್ಯಯನ. ಇಲಿಗಳಿಗೆ ಕೆ.ಜಿ.ಗೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟರು. ರಕ್ತದಲ್ಲಿ ಗರಿಷ್ಠ ಮಟ್ಟ ಮಿ.ಲೀ.ಗೆ ಸುಮಾರು 1.35 ಮೈಕ್ರೋಗ್ರಾಂ. ಆರೋಗ್ಯವಂತ ಸ್ವಯಂಸೇವಕರಿಗೆ ಒಟ್ಟು 2 ಗ್ರಾಂ ಕೊಟ್ಟರು, ಸಿಕ್ಕಿದ್ದು 0.006 ಮೈಕ್ರೋಗ್ರಾಂ ಆಸುಪಾಸು, ಕೆಲವರಲ್ಲಿ ಸಿಗಲೇ ಇಲ್ಲ.

ಇದನ್ನೇ ಲೆಕ್ಕಕ್ಕೆ ಕೂರಿಸೋಣ. ಇಲಿಯ 2,000 ಮಿ.ಗ್ರಾಂ ಅನ್ನು 6.2ರಿಂದ ಭಾಗಿಸಿದರೆ ಕೆ.ಜಿ.ಗೆ 323. ಸ್ವಯಂಸೇವಕ 60 ಕೆ.ಜಿ. ಎಂದುಕೊಂಡರೆ ಅವನಿಗೆ ಸಿಕ್ಕಿದ್ದು ಕೆ.ಜಿ.ಗೆ 33. ಅಂದರೆ ಪರಿವರ್ತನೆ ಮಾಡಿದ ಮೇಲೂ ಇಲಿಗೆ ಹತ್ತು ಪಟ್ಟು ಹೆಚ್ಚು ಹೋಗಿದೆ. ಹಾಗಾದರೆ ರಕ್ತದಲ್ಲೂ ಹತ್ತು ಪಟ್ಟು ವ್ಯತ್ಯಾಸ ಇರಬೇಕಿತ್ತು. ಇರುವುದು 1.35 ÷ 0.006, ಅಂದರೆ 225 ಪಟ್ಟು! ಮನುಷ್ಯನ ರಕ್ತದಲ್ಲಿ ಸೂತ್ರ ಹೇಳಿದ್ದಕ್ಕಿಂತ ಇಪ್ಪತ್ತಕ್ಕೂ ಹೆಚ್ಚು ಪಟ್ಟು ಕಡಿಮೆ. ಡೋಸ್ ಮತ್ತು ರಕ್ತದ ಮಟ್ಟ ಯಾವಾಗಲೂ ನೇರ ಗೆರೆಯಲ್ಲಿ ಏರುವುದಿಲ್ಲ, ಆದ್ದರಿಂದ ಈ ಇಪ್ಪತ್ತನ್ನು ಚಿನ್ನದ ತಕ್ಕಡಿಯ ಅಂಕಿ ಎಂದು ತಿಳಿಯಬೇಡಿ. ಆದರೂ 6.2ರಿಂದ ಭಾಗಿಸಿ ಕೈತೊಳೆದುಕೊಂಡವರು ಎಷ್ಟು ದೂರ ಬಿದ್ದರು ನೋಡಿ.

ಅದೇ ಅಧ್ಯಯನದಲ್ಲಿ ಕಾಳುಮೆಣಸಿನ ಖಾರದ ಸತ್ವವಾದ ಪೈಪರಿನ್ ಅನ್ನೂ ಜೊತೆಗೆ ಕೊಟ್ಟಿದ್ದರು. ಇಲಿಗೆ ಕೆ.ಜಿ.ಗೆ 20 ಮಿ.ಗ್ರಾಂ, ಕರ್ಕ್ಯುಮಿನ್‌ನ ಲಭ್ಯತೆ ಶೇ 154 ಏರಿತು. ಮನುಷ್ಯನಿಗೆ ಒಟ್ಟು 20 ಮಿ.ಗ್ರಾಂ, ಅರ್ಧ ಗ್ರಾಂ ಕಾಳುಮೆಣಸಿನ ಪುಡಿಯಲ್ಲಿ ಇರುವಷ್ಟು. ಏರಿಕೆ ಶೇ 2,000. ಇಲಿಯ ಪೈಪರಿನ್ ಡೋಸನ್ನು ಪರಿವರ್ತಿಸಿದರೆ ಮನುಷ್ಯನಿಗೆ 194 ಮಿ.ಗ್ರಾಂ ಆಗುತ್ತಿತ್ತು. ಹತ್ತನೇ ಒಂದು ಪಾಲು ಡೋಸಿಗೆ ಹತ್ತು ಪಟ್ಟಿಗೂ ಮೀರಿದ ಪರಿಣಾಮ. 'ಶೇ 2,000' ಎಂಬುದನ್ನು ಕ್ಯಾಪ್ಸೂಲ್ ಮಾರುವವರು ದೊಡ್ಡಕ್ಷರದಲ್ಲಿ ಅಚ್ಚು ಹಾಕಿಸುತ್ತಾರೆ. ಯಾವುದರ ಇಪ್ಪತ್ತು ಪಟ್ಟು ಎಂದು ಹೇಳುವುದಿಲ್ಲ. ಬೊಗಸೆಯಲ್ಲಿ ಒಂದೇ ಕಾಳು ಇದ್ದರೆ ಅದರ ಇಪ್ಪತ್ತು ಪಟ್ಟು ಇಪ್ಪತ್ತೇ ಕಾಳು.

ಹಾಗಾಗಿ ಎರಡು ಪ್ರಬಂಧಗಳನ್ನು ಹೋಲಿಸುವಾಗ ಡೋಸಿನ ಸಾಲಿನ ಕೆಳಗೆ ಇನ್ನೂ ಎರಡು ಸಾಲು ಎಳೆದುಕೊಳ್ಳಿ: ರಕ್ತದಲ್ಲಿನ ಗರಿಷ್ಠ ಮಟ್ಟ, ಮತ್ತು ಒಟ್ಟು ಒಡ್ಡಿಕೆ, ಅಂದರೆ ಎಯುಸಿ. ಸಾಧ್ಯವಾದರೆ ಮೂರನೆಯದು, ಪ್ರೋಟೀನಿಗೆ ಅಂಟದೆ ಬಿಡಿಯಾಗಿ ಉಳಿದ ಔಷಧದ ಪಾಲು. ಡೈಕ್ಲೋಫೆನಾಕ್ ಶೇ 99ಕ್ಕೂ ಹೆಚ್ಚು ಪ್ರೋಟೀನಿಗೆ ಅಂಟಿರುತ್ತದೆ. ಕೆಲಸ ಮಾಡುವುದು ಉಳಿದ ಚೂರು. ಈ ಅಂಕಿಗಳು ಇಲ್ಲದ ಪ್ರಬಂಧವಾದರೆ 'ಡೋಸ್ ಮಾತ್ರ ಗೊತ್ತು' ಎಂದು ಅಂಚಿನಲ್ಲಿ ಬರೆದಿಡಿ.

ಹೆಜ್ಜೆ 6: ಒಂದು ಡೋಸ್ ನೋಡಿ ತೀರ್ಪು ಕೊಡಬೇಡಿ

ಕನಿಷ್ಠ ಮೂರು ಡೋಸ್ ಇರಬೇಕು, ಒಂದಕ್ಕೊಂದು ಮೂರು ಪಟ್ಟು ಅಂತರದಲ್ಲಿದ್ದರೆ ಚೆನ್ನ: 10, 30, 100 ಹೀಗೆ. ಅಡ್ಡಗೆರೆಯಲ್ಲಿ ಡೋಸಿನ ಲಾಗ್, ಲಂಬಗೆರೆಯಲ್ಲಿ ಶೇಕಡಾ ತಡೆ ಇಟ್ಟು ಚುಕ್ಕೆ ಹಾಕಿ. ಗೆರೆ ಏರಿ ಒಂದು ಮಟ್ಟದಲ್ಲಿ ಚಪ್ಪಟೆಯಾಗುತ್ತದೆ. ಆ ಚಪ್ಪಟೆ ಎತ್ತರ ಔಷಧದ ತಾಕತ್ತು. ಅದರ ಅರ್ಧಕ್ಕೆ ತಲುಪಿಸುವ ಡೋಸೇ ಇಡಿ50. ಹೋಲಿಸಬೇಕಾದದ್ದು ಈ ಎರಡನ್ನು. ಒಂದು ಪ್ರಬಂಧ ಚಪ್ಪಟೆಯ ಮೇಲಿನ ಡೋಸ್ ಬಳಸಿ, ಇನ್ನೊಂದು ಏರಿನ ಬುಡದ ಡೋಸ್ ಬಳಸಿದ್ದರೆ ಅವುಗಳ ಶೇಕಡಾವಾರು ಅಂಕಿಗಳನ್ನು ಪಕ್ಕಪಕ್ಕ ಇಡುವುದರಲ್ಲಿ ಅರ್ಥವಿಲ್ಲ. ಡೋಸ್ ಮೂರು ಪಟ್ಟು ಏರಿಸಿದರೂ ಪರಿಣಾಮ ಒಂದಿಷ್ಟೂ ಏರದಿದ್ದರೆ, ಒಂದೋ ಚಪ್ಪಟೆ ಮುಟ್ಟಿದ್ದೀರಿ, ಇಲ್ಲವೇ ಔಷಧ ಕರುಳಿನಿಂದ ಒಳಗೇ ಹೋಗುತ್ತಿಲ್ಲ.

ಹೆಜ್ಜೆ 7: ಏನನ್ನು ಅಳೆದರು?

ಇಲಿಯಲ್ಲಿ ಪಾದದ ಗಾತ್ರ. ಮನುಷ್ಯನಲ್ಲಿ ಪಾದವನ್ನು ನೀರಿಗೆ ಅದ್ದಿ ಅಳೆಯುವವರಿಲ್ಲ. 'ಮೆಟ್ಟಿಲು ಹತ್ತುವಾಗ ನೋವು ಎಷ್ಟು' ಎಂಬಂಥ ಪ್ರಶ್ನೆಗಳ ವೊಮ್ಯಾಕ್ ಅಂಕ, ಬೆಳಗಿನ ಬಿಗಿತ, ಉರಿಯೂತ ಎಷ್ಟಿದೆ ಎಂದು ತೋರುವ ಇಎಸ್‌ಆರ್, ಸಿಆರ್‌ಪಿ ಎಂಬ ರಕ್ತಪರೀಕ್ಷೆಗಳು. ಇಲಿಗೆ ಮೆಟ್ಟಿಲ ಪ್ರಶ್ನೆ ಕೇಳಲು ಬರುವುದಿಲ್ಲವಲ್ಲ, ಆದ್ದರಿಂದ ಎರಡರಲ್ಲೂ ಇರುವ ರಕ್ತಪರೀಕ್ಷೆಯನ್ನು ಹೋಲಿಸೋಣ ಎಂದು ಹಲವರು ಸಿಆರ್‌ಪಿಗೆ ಕೈ ಹಾಕುತ್ತಾರೆ. ಅಲ್ಲಿ ಗುಂಡಿ ಇದೆ. ಮನುಷ್ಯನಲ್ಲಿ ಸಿಆರ್‌ಪಿ ಸಾಮಾನ್ಯವಾಗಿ ಲೀಟರಿಗೆ ಕೆಲವೇ ಮಿ.ಗ್ರಾಂ ಇದ್ದು, ತೀವ್ರ ಸೋಂಕಿನಲ್ಲಿ ನೂರಾರು ಪಟ್ಟು ಜಿಗಿಯುತ್ತದೆ. ಇಲಿಯ ರಕ್ತದಲ್ಲಿ ಕಾಯಿಲೆ ಇಲ್ಲದಾಗಲೇ ಅದು ಲೀಟರಿಗೆ ನೂರಾರು ಮಿ.ಗ್ರಾಂ ಇರುತ್ತದೆ, ಉರಿಯೂತವಾದರೆ ಎರಡು ಮೂರು ಪಟ್ಟು ಏರುತ್ತದೆ ಅಷ್ಟೆ. ಇಲಿಯಲ್ಲಿ ಆ ಜಾಗದ ಯಜಮಾನ ಆಲ್ಫಾ-2-ಮ್ಯಾಕ್ರೊಗ್ಲಾಬ್ಯುಲಿನ್ ಎಂಬ ಇನ್ನೊಂದು ಪ್ರೋಟೀನು. ಇಲಿಯ ಸಿಆರ್‌ಪಿ ಇಳಿಕೆಯನ್ನು ಮನುಷ್ಯನ ಸಿಆರ್‌ಪಿ ಇಳಿಕೆಯ ಪಕ್ಕ ಇಟ್ಟ ಕೋಷ್ಟಕ ಕಂಡರೆ ಅದರ ಮೇಲೆ ಕಾಟು ಹಾಕಿ.

ಹೆಜ್ಜೆ 8: ಸೂತ್ರ ಹಾಕಲೇಬಾರದ ಕಡೆಗಳು

ಚರ್ಮಕ್ಕೆ ಹಚ್ಚುವ ಜೆಲ್, ಕಣ್ಣಿನ ಹನಿ, ಕೀಲಿನೊಳಗೆ ಚುಚ್ಚುವ ಮದ್ದು: ಇವಕ್ಕೆ 6.2 ಇಲ್ಲ. ದೊಡ್ಡ ಪ್ರೋಟೀನ್‌ಗಳಾದ ಆ್ಯಂಟಿಬಾಡಿ ಔಷಧಗಳಿಗೂ ಇಲ್ಲ.

ಆ್ಯಂಟಿಬಾಡಿಗಳ ವಿಷಯದಲ್ಲಿ ಸೂತ್ರಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಟಿಜಿಎನ್1412 ಎಂಬ ಆ್ಯಂಟಿಬಾಡಿ ರುಮಟಾಯ್ಡ್ ಸಂಧಿವಾತಕ್ಕೂ ಆಗಬಹುದೆಂದು ರೂಪಿಸಿದ್ದು. ಇಲಿಗಳಲ್ಲಿ ಅದರ ಜೊತೆಗಾರ ಆ್ಯಂಟಿಬಾಡಿ ರೋಗನಿರೋಧಕ ಕಣಗಳಲ್ಲಿ ಶಾಂತಿ ಕಾಯುವಂಥವನ್ನು ಹೆಚ್ಚಿಸಿ ಕೀಲೂತ ತಗ್ಗಿಸಿತ್ತು. ಮಂಗಗಳು ಕೆ.ಜಿ.ಗೆ 50 ಮಿ.ಗ್ರಾಂ ತಡೆದುಕೊಂಡಿದ್ದವು. 2006ರ ಮಾರ್ಚ್ 13ರಂದು ಲಂಡನ್ನಿನ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯ ಆವರಣದಲ್ಲಿ ಆರು ಯುವಕರಿಗೆ ಅದರ 500ನೇ ಒಂದು ಭಾಗ, ಕೆ.ಜಿ.ಗೆ 0.1 ಮಿ.ಗ್ರಾಂ ಕೊಟ್ಟರು. ಒಂದೂವರೆ ಗಂಟೆಯೊಳಗೆ ಆರೂ ಜನರಿಗೆ ಸೈಟೊಕೈನ್ ಬಿರುಗಾಳಿ, ಅಂದರೆ ಮೈಯೆಲ್ಲ ಹಬ್ಬುವ ಹತೋಟಿ ತಪ್ಪಿದ ಉರಿಯೂತ ಎದ್ದು, ಅಂಗಾಂಗಗಳು ಸೋತು ತೀವ್ರ ನಿಗಾ ಘಟಕ ಸೇರಿದರು. ಎಲ್ಲರೂ ಬದುಕುಳಿದರು, ಒಬ್ಬರು ಬೆರಳುಗಳನ್ನು ಕಳೆದುಕೊಂಡರು. ಆ ಮಂಗಗಳ ಒಂದು ಬಗೆಯ ಟಿ-ಕಣಗಳ ಮೇಲೆ ಔಷಧ ಹಿಡಿಯಬೇಕಾದ ಹಿಡಿಕೆಯೇ ಇರಲಿಲ್ಲ, ಮನುಷ್ಯರಲ್ಲಿ ಇತ್ತು ಎಂಬುದು ಆಮೇಲೆ ಗೊತ್ತಾಯಿತು. ಡೋಸ್ ಲೆಕ್ಕ ಎಷ್ಟೇ ಜಾಗರೂಕವಾಗಿದ್ದರೂ, ಗುರಿಯೇ ಬೇರೆಯಾದಾಗ ಅದು ಕಾಪಾಡುವುದಿಲ್ಲ.

ಹೆಜ್ಜೆ 9: ಹಾನಿಯ ಡೋಸನ್ನು ಬೇರೆಯಾಗಿ ಹೋಲಿಸಿ

ಎಫ್‌ಡಿಎ ಸೂತ್ರ ಹುಟ್ಟಿದ್ದೇ ಸುರಕ್ಷತೆಗೆ. ಪ್ರಾಣಿಯಲ್ಲಿ ಹಾನಿ ಕಾಣದ ಗರಿಷ್ಠ ಡೋಸನ್ನು ಪರಿವರ್ತಿಸಿ, ಅದನ್ನೂ ಕನಿಷ್ಠ ಹತ್ತರಿಂದ ಭಾಗಿಸಿ, ಆರೋಗ್ಯವಂತ ಸ್ವಯಂಸೇವಕರಿಗೆ ಮೊದಲ ಡೋಸ್ ಎಲ್ಲಿಂದ ಶುರು ಮಾಡಬೇಕು ಎಂದು ಹೇಳುವುದು ಅದರ ಕೆಲಸ. 'ಇಷ್ಟು ತಿಂದರೆ ಗುಣವಾಗುತ್ತದೆ' ಎಂದು ಅದು ಎಲ್ಲೂ ಹೇಳಿಲ್ಲ.

ಇಲಿಗೆ ಪಿತ್ತಕೋಶವಿಲ್ಲ, ವಾಂತಿ ಮಾಡಲೂ ಬರುವುದಿಲ್ಲ. ಡೈಕ್ಲೋಫೆನಾಕ್‌ನಂಥ ಔಷಧಗಳನ್ನು ಅದು ಪಿತ್ತದ ಮೂಲಕ ಕರುಳಿಗೆ ಸುರಿದು ಮತ್ತೆ ಹೀರಿಕೊಳ್ಳುತ್ತದೆ, ಹಾಗಾಗಿ ಅದರ ಸಣ್ಣ ಕರುಳು ಬೇಗ ಹುಣ್ಣಾಗುತ್ತದೆ. ಇಲಿಯಲ್ಲಿ ಕರುಳು ಕೆಟ್ಟಿತು ಎಂದ ಮಾತ್ರಕ್ಕೆ ಅದೇ ಮಟ್ಟದಲ್ಲಿ ಮನುಷ್ಯನಿಗೂ ಕೆಡುತ್ತದೆ ಎನ್ನಲಾಗದು. ಇಲಿಗೆ ಏನೂ ಆಗಲಿಲ್ಲ ಎಂದರೆ ಇನ್ನೊಂದು ಜೀವಿಗೂ ಆಗದು ಎನ್ನುವಂತೆಯೂ ಇಲ್ಲ. ರಾಮನಗರದ ರಾಮದೇವರ ಬೆಟ್ಟದಲ್ಲಿ 2012ರಲ್ಲಿ ರಣಹದ್ದುಗಳಿಗೆಂದೇ ಧಾಮ ಮಾಡಿದ್ದಾರಲ್ಲ, ದೇಶದಾದ್ಯಂತ ಆ ಹಕ್ಕಿಗಳನ್ನು ಮುಗಿಸಿದ್ದು ದನಗಳಿಗೆ ಕೊಟ್ಟು, ಸತ್ತ ದನ ತಿಂದ ಹದ್ದಿನ ಹೊಟ್ಟೆ ಸೇರಿದ ಇದೇ ಡೈಕ್ಲೋಫೆನಾಕ್. ಇಲಿ ಕೆ.ಜಿ.ಗೆ 10 ಮಿ.ಗ್ರಾಂ ತಡೆಯುವ ಔಷಧ ರಣಹದ್ದಿಗೆ 0.1, 0.2 ಮಿ.ಗ್ರಾಂನಲ್ಲೇ ಪ್ರಾಣಾಂತಿಕ, ಮೂತ್ರಪಿಂಡ ಸೋತು ಸಾಯುತ್ತವೆ. ಅದಕ್ಕೇ 2006ರಲ್ಲಿ ಪಶುಗಳಿಗೆ ಅದನ್ನು ನಿಷೇಧಿಸಿದರು. ಯಾವ ಕೆಎಂ ಕೋಷ್ಟಕವೂ ಇದನ್ನು ಮುಂಚೆ ಹೇಳಿರಲಿಲ್ಲ.

ಹೆಜ್ಜೆ 10: ಮನುಷ್ಯರ ಪ್ರಯೋಗ ಇದೆಯೇ ನೋಡಿ

ಇದ್ದರೆ ಇಲಿಯ ಲೆಕ್ಕವನ್ನು ಮಡಚಿಡಿ. ಅರಿಸಿಣಕ್ಕೆ ಇದೆ. ಥಾಯ್ಲೆಂಡಿನಲ್ಲಿ 367 ಮಂಡಿನೋವಿನ ರೋಗಿಗಳನ್ನು ಸೇರಿಸಿಕೊಂಡು, ಕೆಲವರಿಗೆ ದಿನಕ್ಕೆ 1,500 ಮಿ.ಗ್ರಾಂ ಅರಿಸಿಣದ ಸಾರ, ಉಳಿದವರಿಗೆ 1,200 ಮಿ.ಗ್ರಾಂ ಐಬುಪ್ರೊಫೇನ್ ನಾಲ್ಕು ವಾರ ಕೊಟ್ಟು 2014ರಲ್ಲಿ ಪ್ರಕಟಿಸಿದರು. ನೋವಿನ ಅಂಕದಲ್ಲಿ ಸಾರ ಹಿಂದೆ ಬೀಳಲಿಲ್ಲ. ಹೊಟ್ಟೆನೋವಿನ ದೂರು ಕಡಿಮೆ. ಆದರೆ ಬರೀ ಸಕ್ಕರೆ ಗುಳಿಗೆಯ ಮೂರನೆಯ ಗುಂಪು ಇರಲಿಲ್ಲ. ರಕ್ತದಲ್ಲಿ ಹುಡುಕಿದರೂ ಸಿಗದ ವಸ್ತು ನೋವು ಹೇಗೆ ಇಳಿಸಿತು? ಅದರ ಒಡೆದ ಚೂರುಗಳೋ, ಕರುಳಿನಲ್ಲೇ ಮಾಡಿದ ಕೆಲಸವೋ, ನಂಬಿಕೆಯೋ. ನನ್ನ ಒಲವು ಮೂರೂ ಬೆರೆತಿವೆ ಎನ್ನುವ ಕಡೆ.

ಪ್ರಯೋಗವನ್ನು ಸ್ವತಃ ಮಾಡಲು ಹೊರಟವರಿಗೆ ಒಂದು ಮಾತು. ಒಂದು ಇಲಿ ತರಿಸುವ ಮೊದಲೂ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಅನುಮತಿ ಬೇಕು. ಡೋಸ್ ಹೇಗೆ ಆರಿಸಿದಿರಿ ಎಂದು ಅವರು ಕೇಳಿಯೇ ಕೇಳುತ್ತಾರೆ. ಮನುಷ್ಯನ ಡೋಸಿಗೆ 6.2 ಗುಣಿಸಿ ಮಧ್ಯದ ಗುಂಪು ಮಾಡಿ, ಅದರ ಮೂರನೇ ಒಂದು ಮತ್ತು ಮೂರು ಪಟ್ಟು ಇಟ್ಟಿದ್ದೇವೆ ಎಂದರೆ ಒಪ್ಪುತ್ತಾರೆ.

ಇಷ್ಟನ್ನೂ ದೊಡ್ಡಪ್ಪನಿಗೆ ಹೇಳಲಿಲ್ಲ. ಎರಡು ಗ್ರಾಂ ಕರ್ಕ್ಯುಮಿನ್‌ಗೆ ಎಷ್ಟು ಅರಿಸಿಣ ಎಂದು ಮಾತ್ರ ಅವರಿಂದಲೇ ಲೆಕ್ಕ ಮಾಡಿಸಿದೆ. ಪುಡಿಯಲ್ಲಿ ಶೇ 3ರಷ್ಟು ಕರ್ಕ್ಯುಮಿನ್ ಇದೆ ಎಂದರೆ ಅರವತ್ತೈದು ಗ್ರಾಂ ದಾಟುತ್ತದೆ, ಇಪ್ಪತ್ತು ಚಮಚಕ್ಕೂ ಮೇಲೆ. "ಅಷ್ಟು ಅರಿಸಿಣದಲ್ಲಿ ಮದುವೆ ಮಾಡಬಹುದಲ್ಲೋ" ಎಂದು ದೊಡ್ಡಮ್ಮ ಅಡುಗೆಮನೆಯಿಂದಲೇ ನಕ್ಕರು. ಹಾಗಾದರೆ ಮೆಣಸು ಸೇರಿಸಿದ ಕ್ಯಾಪ್ಸೂಲ್ ತರಿಸಲಾ ಎಂದರು ದೊಡ್ಡಪ್ಪ. ಮಾತ್ರೆ ಡಬ್ಬಿ ತರಿಸಿ ನೋಡಿದೆ. ಕೈನಡುಕಕ್ಕೆ ಪ್ರೊಪ್ರನೊಲಾಲ್ ನುಂಗುತ್ತಿದ್ದಾರೆ. ಪೈಪರಿನ್ ಅದರ ಮಟ್ಟವನ್ನೂ ಏರಿಸುತ್ತದೆ. ಅಂಥ ಕ್ಯಾಪ್ಸೂಲ್‌ಗಳಿಂದ ಯಕೃತ್ತು ಕೆಟ್ಟ ಪ್ರಕರಣಗಳೂ ವರದಿಯಾಗಿವೆ. ಡಾಕ್ಟರನ್ನು ಕೇಳದೆ ಬೇಡ ಎಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದಿರಲಿ, ಆ ಇಲಿಗೆ ಮಂಡಿ ಸವೆದಿತ್ತಾ?" ಎಂದರು.

"ಇಲ್ಲ ದೊಡ್ಡಪ್ಪ. ಅಂಗಾಲಿಗೆ ಸೂಜಿ ಚುಚ್ಚಿ ಊದಿಸಿದ್ದರು. ಅದೂ ನಾಲ್ಕು ಗಂಟೆಯ ಮಟ್ಟಿಗೆ."

"ಮತ್ತೆ ಅದನ್ನ ಮೊದಲೇ ಹೇಳೋದಲ್ವಾ" ಎಂದು ಫೋನ್ ಮಗುಚಿ ಇಟ್ಟರು.